ಸೌಟಣ್ಣನ ನಾಲಿಗೆ

ಪೈಪು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಮೇಜುಗಳ ಮೇಲೆ ಉಪ್ಪಿನ ಡಬ್ಬಿ ಇರಲಿಲ್ಲ. ಹಿಂದೆ ಇತ್ತು. ಸೌಟಣ್ಣ ಮುಖ್ಯ ಅಡುಗೆಯವನಾದ ದಿನವೇ ಎಲ್ಲ ಡಬ್ಬಿಗಳನ್ನೂ ಬುಟ್ಟಿಗೆ ತುಂಬಿಸಿ ಉಗ್ರಾಣಕ್ಕೆ ಸಾಗಹಾಕಿದ. ತಾನು ಉಪ್ಪು ಹಾಕಿದ ಮೇಲೆ ಇನ್ನೊಬ್ಬ ಅದರ ಮೇಲೆ ಉಪ್ಪು ಉದುರಿಸುವುದು ತನಗೆ ಮಾಡುವ ಅವಮಾನ ಎಂದು ಅವನ ವಾದ. ತಿಳಿಯದ ಹೊಸಬ ಯಾರಾದರೂ ಉಪ್ಪು ಕೇಳಿದರೆ ಮುಗಿಯಿತು, ಸೌಟು ಹಿಡಿದುಕೊಂಡೇ ಒಳಗಿನಿಂದ ಬರುತ್ತಿದ್ದ.

"ಉಪ್ಪು ಕಡಿಮೆ ಆಯ್ತಾ ನಿಂಗೆ?"

"ಸ್ವಲ್ಪ..."

"ಎಲ್ಲಿ, ನಾಲಿಗೆ ತೋರ್ಸು."

ತೋರಿಸುವ ತನಕ ಬಿಡುತ್ತಿರಲಿಲ್ಲ. ಬೆಳೆದ ಗಂಡಸು, ಮನೆಯಲ್ಲಿ ಹೆಂಡತಿ ಮಕ್ಕಳಿರುವವನು, ಇಡೀ ಕ್ಯಾಂಟೀನಿನ ಎದುರು ನಾಲಿಗೆ ಚಾಚಿಕೊಂಡು ಕೂರಬೇಕು. ಸೌಟಣ್ಣ ಬಗ್ಗಿ ನೋಡಿ, "ಸಿಗರೇಟಲ್ಲಿ ಸುಟ್ಟು ಕರಕಲು ಮಾಡ್ಕೊಂಡಿದೀಯ. ಇದನ್ನ ಇಟ್ಕೊಂಡು ನನ್ನ ಅಡುಗೆಗೆ ಹೆಸರಿಡ್ತೀಯಾ" ಎನ್ನುತ್ತಿದ್ದ. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕವರಲ್ಲಿ ಅರ್ಧ ಜನ ಹಿಂದೊಂದು ದಿನ ತಾವೂ ನಾಲಿಗೆ ಚಾಚಿದ್ದವರೇ.

ನನ್ನನ್ನು ಕೇಳಿದರೆ ಇದು ಶುದ್ಧ ಸೊಕ್ಕು. ಆದರೆ ಆ ಸೊಕ್ಕನ್ನು ಅವನು ದುಡಿದು ಸಂಪಾದಿಸಿದ್ದ ಎಂಬುದನ್ನೂ ಹೇಳಬೇಕು. ಚಿಕ್ಕಂದಿನಲ್ಲಿ ಸೋದರಮಾವನ ಹೋಟೆಲಿನಲ್ಲಿ ಪಾತ್ರೆ ತಿಕ್ಕಲು ಸೇರಿದವನು. ಮಾವ ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಬಾಯಿಗೆ ಚಮಚ ಇಟ್ಟು, ಇದರಲ್ಲಿ ಏನು ಹೆಚ್ಚು, ಏನು ಕಡಿಮೆ ಎಂದು ಕೇಳುತ್ತಿದ್ದ. ತಪ್ಪು ಹೇಳಿದರೆ ಅದೇ ಚಮಚದಿಂದ ಬೆರಳಿನ ಗಂಟಿಗೆ ಏಟು. ಹೀಗೆ ಏಟು ತಿಂದು ತಿಂದು ಪಳಗಿದ ನಾಲಿಗೆ ಅದು. ಮೂಗೂ ಅಷ್ಟೇ. ಕ್ಯಾಂಟೀನಿನ ಗುತ್ತಿಗೆದಾರನ ಕಡೆಯಿಂದ ತರಕಾರಿಯ ಲಾರಿ ಬಂದರೆ ಸೌಟಣ್ಣ ಹಿಂದಿನ ಬಾಗಿಲಲ್ಲಿ ನಿಂತು ಚೀಲ ಚೀಲಕ್ಕೂ ಮೂಗು ಹಾಕುತ್ತಿದ್ದ. ಮೇಲೆ ಫಳಫಳ ಹೊಳೆಯುವ ಆಲೂಗಡ್ಡೆ, ಒಳಗೆ ಕೊಳೆತಿದ್ದರೆ ಚೀಲ ಬಿಚ್ಚುವ ಮೊದಲೇ ಅವನಿಗೆ ಗೊತ್ತು. "ವಾಪಸ್" ಎನ್ನುತ್ತಿದ್ದ, ಅಷ್ಟೇ. ಡ್ರೈವರು ಗೊಣಗಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗುತ್ತಿಗೆದಾರನ ಮನುಷ್ಯನಾದ ಮ್ಯಾನೇಜರು ಬಂದು ತಲೆ ತಲೆ ಚಚ್ಚಿಕೊಳ್ಳುತ್ತಿದ್ದ. ತೆಗೆದುಹಾಕೋಣವೆಂದರೆ ಧೈರ್ಯವಿಲ್ಲ. ಊಟದ ವಿಷಯಕ್ಕೆ ಕಾರ್ಮಿಕರೆಲ್ಲ ಸೌಟಣ್ಣನ ಬೆನ್ನಿಗಿದ್ದರು. ಬೈಸಿಕೊಂಡರೂ ತಟ್ಟೆ ಬಳಿದು ತಿನ್ನುತ್ತಿದ್ದರು.

ಮುಖ್ಯ ಅಡುಗೆಯವನಿಗೆ ಉಗ್ರಾಣದ ಮೇಲಿನ ಕೋಣೆ ಬಿಟ್ಟುಕೊಡುವುದು ಅಲ್ಲಿನ ಪದ್ಧತಿ. ಒಂದೇ ಕೋಣೆ, ಒಂದೇ ಕಿಟಕಿ. ಕಿಟಕಿ ತೆರೆದರೆ ಬಾಯ್ಲರಿನ ಕೊಳವೆ, ಮುಚ್ಚಿದರೆ ಸೆಕೆ. ಆದರೂ ಸೌಟಣ್ಣನ ಹೆಂಡತಿ ಅದನ್ನು ಅರಮನೆಯ ಹಾಗೆ ಇಟ್ಟುಕೊಂಡಿದ್ದಳು. ಮಕ್ಕಳಿಲ್ಲದ ಇಬ್ಬರ ಸಂಸಾರ. ಮದುವೆಯಾದ ಮೇಲೆ ಬಾಡಿಗೆ ಮನೆಗಳಲ್ಲಿ ಕಂಡವರ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಸಾಕಾಗಿದ್ದವಳಿಗೆ, ಇಲ್ಲಿ ಕೆಳಗಿಳಿದರೆ ತನ್ನದೇ ನಲ್ಲಿ. ಇಲ್ಲಿಂದ ಸ್ಮಶಾನಕ್ಕೆ ಮಾತ್ರ ಹೊರಡುವುದು ಎಂದು ಅವಳು ತಮಾಷೆಗೆ ಹೇಳುತ್ತಿದ್ದಳು.

ಒಂದು ಚಳಿಗಾಲ ಸೌಟಣ್ಣನಿಗೆ ಜ್ವರ ಹಿಡಿಯಿತು. ಹಾಸಿಗೆ ಹಿಡಿದವನು ಕಡ್ಡಿಯಾಗಿ ಎದ್ದ. ಜ್ವರ ಬಿಟ್ಟರೂ ಬಾಯಿಗೆ ಯಾವುದೂ ಹಿಡಿಸಲಿಲ್ಲ. ಜ್ವರದ ಬಾಯಿ, ಹಾಗೇ ಇರುತ್ತದೆ ಎಂದುಕೊಂಡ. ಒಂದು ಬೆಳಿಗ್ಗೆ ಹೆಂಡತಿ ಇನ್ನೂ ಒಲೆಯ ಮುಂದಿರುವಾಗಲೇ ಲೋಟ ಎತ್ತಿ ಹಾಲು ಕುಡಿದು ಕೆಳಗಿಟ್ಟ. ಅವಳು ತಿರುಗಿ ನೋಡಿದಳು. ಅದು ಒಡೆದ ಹಾಲು, ಚೆಲ್ಲಬೇಕೆಂದು ತೆಗೆದಿಟ್ಟದ್ದು.

"ಅದನ್ನ ಕುಡಿದ್ರಾ?"

"ಯಾಕೆ, ಏನಾಗಿದೆ?"

ಅವಳು ಉಪ್ಪಿನ ಭರಣಿ ತಂದು ಒಂದು ಚಿಟಿಕೆ ಅವನ ನಾಲಿಗೆಯ ಮೇಲಿಟ್ಟಳು. ಆಮೇಲೆ ಸಕ್ಕರೆ. ಆಮೇಲೆ ಹುಳಿ. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಕೊನೆಗೆ ಅವನು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಎದ್ದುಹೋಗಿ ಕಿಟಕಿ ಮುಚ್ಚಿದಳು, ಕೆಳಗೆ ಯಾರಿಗೂ ಕೇಳಿಸಬಾರದೆಂದು.

"ಡಾಕ್ಟರಿಗೆ ತೋರ್ಸೋಣ, ರುಚಿ ಮತ್ತೆ ಬಂದ್ರೂ ಬರುತ್ತೆ. ಅಲ್ಲೀವರೆಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡಿ" ಎಂದಳು. "ರುಚಿ ಗೊತ್ತಾಗದ ಅಡುಗೆಯವನನ್ನ ಒಂದು ಗಂಟೆನೂ ಇಟ್ಕೊಳ್ಳಲ್ಲ ಆ ಮ್ಯಾನೇಜರು. ಕಾಯ್ತಾ ಕೂತಿದಾನೆ."

ಸೌಟಣ್ಣ ಬಾಯಿ ಬಿಡಲಿಲ್ಲ. ಹಿಂದಿನ ಹಾಗೆಯೇ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುತ್ತಿದ್ದ, ಹಿಂದಿನ ಹಾಗೆಯೇ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ನೀರಿನ ರುಚಿಯೂ ಇಲ್ಲದ ಹನಿ ಅದು. ಉಪ್ಪು ಖಾರಗಳನ್ನು ಬಟ್ಟಲಿನಲ್ಲಿ ಅಳೆದು ಹಾಕಲು ಶುರುಮಾಡಿದ. ಆದರೆ ಒಂದು ದಿನದ ಟೊಮೇಟೊ ಇನ್ನೊಂದು ದಿನದಷ್ಟು ಹುಳಿ ಇರುವುದಿಲ್ಲವಲ್ಲ. ಅದಕ್ಕೆ ಅವನು ಒಂದು ಉಪಾಯ ಹುಡುಕಿಕೊಂಡ.

ಊಟದ ಸೈರನ್ ಕೂಗಿದಾಗ ಯಂತ್ರಗಳು ನಿಲ್ಲುತ್ತವೆ, ಆಗ ರಿಪೇರಿಯವರು ಒಳಗಿಳಿಯಬೇಕು. ಹಾಗಾಗಿ ರಿಪೇರಿ ವಿಭಾಗದ ನಾಲ್ವರು ಎಲ್ಲರಿಗಿಂತ ಮೊದಲೇ ಬಂದು ಮೂಲೆಯ ಮೇಜಿನಲ್ಲಿ ಉಂಡು ಹೋಗುವುದು ವಾಡಿಕೆ. ಸೌಟಣ್ಣ ಈಗ ಅವರ ತಟ್ಟೆಗಳನ್ನು ತಾನೇ ತರತೊಡಗಿದ. ತಂದಿಟ್ಟು, ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸುತ್ತ ಅಲ್ಲೇ ನಿಂತು ಅವರ ಮುಖ ನೋಡುತ್ತಿದ್ದ. ಹುಬ್ಬು ಗಂಟಾದರೆ ಹುಳಿ ಹೆಚ್ಚು. ನೀರಿನ ಲೋಟಕ್ಕೆ ಕೈ ಹೋದರೆ ಖಾರ. ತುತ್ತು ಬಾಯಲ್ಲೇ ತಿರುಗುತ್ತಿದ್ದರೆ ಸಪ್ಪೆ. ನೋಡಿಕೊಂಡು ಒಳಗೆ ಹೋಗಿ ಹಂಡೆಯಲ್ಲಿ ಸರಿಪಡಿಸಿ, ಸೈರನ್ನಿಗೆ ಮುಂಚೆ ಬಡಿಸಲು ಸಿದ್ಧನಾಗುತ್ತಿದ್ದ. ಹೀಗೆ ಕೆಲಕಾಲ ಯಾರಿಗೂ ಏನೂ ಗೊತ್ತಾಗಲಿಲ್ಲ.

ಆ ನಾಲ್ವರಲ್ಲಿ ಒಬ್ಬ ವೆಲ್ಡರು ಇದ್ದ. ಅವನು ಸೌಟಣ್ಣನ ಬಾಮೈದ, ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ. ಕೆಲಸ ಕೊಡಿಸಿದ್ದೂ ಸೌಟಣ್ಣನೇ. ಕೊಡಿಸಿದ್ದನ್ನು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದ್ದೂ ಸೌಟಣ್ಣನೇ. ಸಾಲದ್ದಕ್ಕೆ ಒಮ್ಮೆ ಬಾಮೈದನೆಂದೂ ನೋಡದೆ ಎಲ್ಲರೆದುರು ಅವನ ನಾಲಿಗೆಯನ್ನೂ ಹೊರಗೆ ಹಾಕಿಸಿದ್ದ. ವೆಲ್ಡರು ಅದನ್ನು ಮರೆತಿರಲಿಲ್ಲ.

ಒಂದು ದಿನ ಬೇಳೆಗೆ ಉಪ್ಪೇ ಬಿದ್ದಿರಲಿಲ್ಲ. ವೆಲ್ಡರು ಒಂದು ತುತ್ತು ತಿಂದ. ತಲೆಯೆತ್ತಿದರೆ ಭಾವ ಕಣ್ಣು ಮಿಟುಕಿಸದೆ ತನ್ನ ಮುಖವನ್ನೇ ನೋಡುತ್ತಿದ್ದಾನೆ. ಏನೋ ಕುಚೋದ್ಯ ಹುಟ್ಟಿತು.

"ಭಾವ, ಇವತ್ತು ಉಪ್ಪು ಜಾಸ್ತಿ ಆಗಿದೆ."

"ಹೌದು ಕಣೋ. ಕೈ ಜಾರಿಬಿಡ್ತು" ಎಂದ ಸೌಟಣ್ಣ. "ಒಳಗೆ ನೀರು ಹಾಕ್ತೀನಿ ಇರು."

ಅವನು ಅತ್ತ ಹೋದ. ಇತ್ತ ನಾಲ್ವರೂ ಮುಖ ಮುಖ ನೋಡಿಕೊಂಡರು. ಸೌಟಣ್ಣ ಉಪ್ಪಿಲ್ಲದ ಬೇಳೆಗೆ ನೀರು ಸುರಿದು ಬಂದು, "ಈಗ ನೋಡು" ಎಂದು ಇನ್ನೊಂದು ಸೌಟು ಬಡಿಸಿದ. ವೆಲ್ಡರು ನಾಲಿಗೆ ಚಪ್ಪರಿಸಿ, ಈಗ ಹದವಾಯಿತು ಎಂದ. ಸೌಟಣ್ಣನ ಮುಖ ಅರಳಿತು. ಸಂಜೆಯ ಹೊತ್ತಿಗೆ ಇಡೀ ಕಾರ್ಖಾನೆಗೆ ಸುದ್ದಿ ಹಬ್ಬಿತು, ನಾಲಿಗೆ ನೋಡುವವನ ನಾಲಿಗೆಯೇ ಸತ್ತಿದೆ ಎಂದು.

ಅಲ್ಲಿಂದ ಆಟ ಶುರುವಾಯಿತು. ಸಿಹಿಯಾದರೆ ಹುಳಿ ಎನ್ನುವುದು, ಖಾರ ನೆತ್ತಿಗೇರಿದರೆ ಸಪ್ಪೆ ಎನ್ನುವುದು. ಕಣ್ಣಲ್ಲಿ ನೀರು ಸುರಿಯುತ್ತಿರುವಾಗ, "ಅಣ್ಣಾ, ಎಷ್ಟು ಚೆನ್ನಾಗಿದೆ ಅಂದ್ರೆ ಅಳು ಬರ್ತಿದೆ" ಎಂದ ಒಬ್ಬ. ಮುಖ ಗಂಟು ಹಾಕದೆ ನುಂಗುವುದೇ ಒಂದು ಪಂಥವಾಯಿತು. ಮೂಲೆಯ ಮೇಜು ಸಾಲದೆಂದು ಉಳಿದವರೂ ಸೇರಿಕೊಂಡರು. ಸೌಟಣ್ಣ ಹೊರಗೆ ಬಂದರೆ ಸಾಕು, ಮೇಜು ಮೇಜಿನಿಂದಲೂ ಹೊಗಳಿಕೆ. ಇಂಥ ಪಲ್ಯ ಜನ್ಮದಲ್ಲಿ ತಿಂದಿಲ್ಲವಂತೆ, ಜ್ವರದ ನಂತರ ನಿಮ್ಮ ಕೈ ಇನ್ನಷ್ಟು ಪಳಗಿದೆಯಂತೆ. ಅವನು ಒಳಗೆ ಹೋದ ಕೂಡಲೇ ತಟ್ಟೆಗಳೆಲ್ಲ ಕಸದ ಡಬ್ಬಿಗೆ. ಬಹಳ ಜನ ಮನೆಯಿಂದ ಬುತ್ತಿ ತಂದುಕೊಳ್ಳುತ್ತಿದ್ದರು. ಬುತ್ತಿ ತರಲಾಗದ ಒಂಟಿ ಗಂಡಸರು ಬ್ರೆಡ್ಡು ನೀರಿನಲ್ಲಿ ದಿನ ದೂಡುತ್ತಿದ್ದರು. ತಮ್ಮ ಹೊಟ್ಟೆಗೇ ಮಣ್ಣು ಹಾಕಿಕೊಂಡು ಆಡುವ ಆಟ, ಆದರೂ ಬಿಡಲಿಲ್ಲ. ಮನುಷ್ಯನಿಗೆ ಇನ್ನೊಬ್ಬನನ್ನು ಬೆಪ್ಪು ಮಾಡುವ ಸುಖದ ಮುಂದೆ ಹಸಿವು ಅಷ್ಟು ದೊಡ್ಡದಲ್ಲ ಎಂದು ಕಾಣುತ್ತದೆ. ಎದುರಿಗೆ ಹೊಗಳಿದವರೇ ಆಫೀಸಿಗೆ ಹೋಗಿ ಊಟ ಕೆಟ್ಟುಹೋಗಿದೆ ಎಂದು ದೂರು ಕೊಡುತ್ತಿದ್ದರು.

ಸೌಟಣ್ಣನಿಗೆ ಮಾತ್ರ ಅದು ಸುವರ್ಣಕಾಲ. ರುಚಿ ಹೋದರೂ ಕೈಗುಣ ಹೋಗಿಲ್ಲ ಎಂದು ನಂಬಿಬಿಟ್ಟ. ಎಲ್ಲರೂ ಇಷ್ಟಪಡುತ್ತಾರೆಂದು ಒಂದು ದಿನ ಪಲ್ಯವನ್ನು ಡಬ್ಬಿಯಲ್ಲಿ ಹಾಕಿಕೊಂಡು ಮೇಲಿನ ಕೋಣೆಗೆ ತಂದ. ಮನೆಯಲ್ಲಿ ಅಡುಗೆ ಹೆಂಡತಿಯದೇ, ಅವಳು ಕ್ಯಾಂಟೀನಿನ ಊಟ ಉಂಡವಳಲ್ಲ. "ತಿಂದು ನೋಡು. ಹುಚ್ಚೆದ್ದು ಹೋಗಿದಾರೆ ಜನ" ಎಂದು ಎದುರಿಗೆ ಕೂತ, ಮುಖ ನೋಡುತ್ತ.

ಅವಳು ಒಂದು ತುತ್ತು ಬಾಯಿಗಿಟ್ಟಳು. ಸಮುದ್ರದ ನೀರಿನಲ್ಲಿ ಬೇಯಿಸಿದ ಹಾಗಿತ್ತು. ಒಂದೇ ಕ್ಷಣದಲ್ಲಿ ಅವಳಿಗೆ ಎಲ್ಲವೂ ಅರ್ಥವಾಯಿತು. ಯಾರು ನಗುತ್ತಿದ್ದಾರೆ, ಹೇಗೆ ನಗುತ್ತಿದ್ದಾರೆ, ಎಷ್ಟು ದಿನದಿಂದ ನಗುತ್ತಿದ್ದಾರೆ ಎಂಬುದೆಲ್ಲ. ಎದುರಿಗೆ ಗಂಡ ಆಸೆಯಿಂದ ಕೂತಿದ್ದ. ಅವಳು ತುತ್ತು ನುಂಗಿ, ನಿಧಾನವಾಗಿ ಇನ್ನೊಂದು ತುತ್ತು ತಿಂದಳು.

"ಚೆನ್ನಾಗಿದೆ" ಎಂದಳು.

ಪ್ರೀತಿಯಿಂದಲೇ ಅಂದದ್ದು. ಅವರೆಲ್ಲರ ಸುಳ್ಳಿಗಿಂತ ಇವಳ ಈ ಒಂದು ಸುಳ್ಳು ಅವನನ್ನು ಹೆಚ್ಚು ಹಾಳುಮಾಡಿತು.

ಮಾರನೆಯ ದಿನ ಅವಳು ತಮ್ಮನ ಮನೆಗೆ ಹೋದಳು. ವೆಲ್ಡರು ಬಾಗಿಲಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ.

"ನಿಮ್ಮ ಭಾವನ ವಿಷಯ ನಿಂಗೆ ಗೊತ್ತು, ಅಲ್ವಾ?"

"ಯಾವ ವಿಷಯ?"

"ನಾಟಕ ಆಡ್ಬೇಡ. ನಿನ್ನ ಮುಖ ನಾನು ನೋಡಿಲ್ವಾ."

ಅವನು ಬ್ರಷ್ ಕೆಳಗಿಟ್ಟ. "ಸುಮ್ನೆ ತಮಾಷೆಗೆ ಅಕ್ಕ. ಅವನು ನಮ್ಮನ್ನ ಕಡಿಮೆ ಆಡ್ಕೊಂಡಿದಾನಾ."

"ಆ ಕೋಣೆ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ? ನಿನ್ನ ಮನೆಗೆ ಬರ್ಲಾ?"

ವೆಲ್ಡರು ಒಳಗೆ ತಿರುಗಿ ತನ್ನ ಹೆಂಡತಿಯ ಕಡೆ ನೋಡಿದ. ಅವಳು ಪಾತ್ರೆ ಜೋಡಿಸುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು. ನಾಳೆಯಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನೀನೇನೂ ಚಿಂತೆ ಮಾಡಬೇಡ ಎಂದು ಅವಸರವಸರವಾಗಿ ಮಾತು ಕೊಟ್ಟ. ಅಕ್ಕನ ಮೇಲಿನ ಅಕ್ಕರೆಗೋ, ಅಕ್ಕ ಗಂಟು ಮೂಟೆ ಸಮೇತ ಬಂದು ಕೂತಾಳೆಂಬ ಹೆದರಿಕೆಗೋ, ಅಂತೂ ಮಾತು ಉಳಿಸಿಕೊಂಡ. ಉಪ್ಪು ಹೆಚ್ಚಾಗಿದ್ದರೆ ಹೆಚ್ಚಾಗಿದೆ ಎಂದ. ಆದರೆ ಪಕ್ಕದ ಮೂವರು ಚೆನ್ನಾಗಿದೆ ಎನ್ನುವುದನ್ನು ಬಿಡಲಿಲ್ಲ, ಅವರಿಗೇನು ಅಕ್ಕನೇ ಭಾವನೇ. ಸೌಟಣ್ಣ ಮೂವರ ಮಾತು ನಂಬಿದ. ಇವನಿಗೆ ನನ್ನ ಹೆಸರು ಕಂಡರೆ ಹೊಟ್ಟೆಕಿಚ್ಚು ಎಂದು ಹೆಂಡತಿಯ ಹತ್ತಿರ ಹೇಳಿದ. "ನೀನೇ ತಿಂದಿದೀಯಲ್ಲ. ನೀನು ಸುಳ್ಳು ಹೇಳ್ತೀಯಾ?" ಎಂದು ಕೇಳಿದ. ಅವಳು ಬಟ್ಟೆ ಮಡಿಸುತ್ತ ಕೂತಳು.

ಬೇಸಿಗೆ ಬಂತು. ರಾತ್ರಿ ಪಾಳಿಯಲ್ಲಿ ಉಳಿದ ಬೇಳೆಯನ್ನು ಬೆಳಿಗ್ಗೆ ಹೊಸ ಬೇಳೆಯ ಹಂಡೆಗೆ ಸುರಿಯಬೇಕೆಂದು ಮ್ಯಾನೇಜರು ಹಿಂದಿನಿಂದಲೂ ಹೇಳುತ್ತಲೇ ಇದ್ದ. ಹಿಂದೆ ಸೌಟಣ್ಣ ಮೂಸಿ ನೋಡಿ ಮೋರಿಗೆ ಚೆಲ್ಲುತ್ತಿದ್ದ. ಅಂದು ಮೂಸಿದ, ಜ್ವರದಲ್ಲಿ ನಾಲಿಗೆಯ ಜೊತೆ ಮೂಗೂ ಹೋಗಿತ್ತು, ಏನೂ ಅನ್ನಿಸಲಿಲ್ಲ, ಸುರಿದ. ತರಕಾರಿ ಹೆಚ್ಚುವ ಹೆಂಗಸು ಸೆರಗು ಮೂಗಿಗೆ ಹಿಡಿದು ಹಿಂದಿನ ಅಂಗಳಕ್ಕೆ ಹೋದಳು. ಅವನ ಹತ್ತಿರ ಬೈಸಿಕೊಳ್ಳುವ ಆಸೆ ಅವಳಿಗಿರಲಿಲ್ಲ.

ದೂರುಗಳು ಹೆಚ್ಚಾಗಿದ್ದರಿಂದ ಅದೇ ದಿನ ಮ್ಯಾನೇಜರು ಸ್ವತಃ ನೋಡೋಣವೆಂದು ಕ್ಯಾಂಟೀನಿಗೆ ಬಂದು ಮೂಲೆಯ ಮೇಜಿನ ಪಕ್ಕದಲ್ಲಿ ನಿಂತಿದ್ದ. ವೆಲ್ಡರು ಅನ್ನ ಕಲಸಿ ಬಾಯಿಗಿಟ್ಟವನೇ ತಟ್ಟೆಯ ಅಂಚಿಗೆ ಉಗುಳಿದ.

"ಭಾವ, ಹಳಸಿದೆ ಇದು. ಬಡಿಸ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಏ, ಇವನಿಗೇನೋ ಆಗಿದೆ" ಎಂದ ಪಕ್ಕದವನು, ತಟ್ಟೆ ಮುಟ್ಟದೆಯೇ. "ಇವತ್ತಿನಷ್ಟು ರುಚಿ ಯಾವತ್ತೂ ಇರ್ಲಿಲ್ಲ ಅಣ್ಣಾ." ಇನ್ನಿಬ್ಬರೂ ಹೌದು ಹೌದು ಎಂದರು.

ಸೌಟಣ್ಣ ಮ್ಯಾನೇಜರ ಕಡೆ ತಿರುಗಿದ. "ಕೇಳಿದ್ರಾ ಸಾಹೇಬ್ರೇ? ಮೂರು ಜನ ಒಂದು ಹೇಳ್ತಾರೆ, ಇವನೊಬ್ಬ ಒಂದು ಹೇಳ್ತಾನೆ. ದೂರು ಕೊಟ್ಟಿದ್ದೂ ಇವನೇ ಇರ್ಬೇಕು. ಸ್ವಂತ ಅಕ್ಕನೇ ತಿಂದು ಚೆನ್ನಾಗಿದೆ ಅಂದ್ರೂ ಇವನಿಗೆ ಸಮಾಧಾನ ಇಲ್ಲ. ನೋಡಿ, ನಾನೇ ತಿಂದು ತೋರಿಸ್ತೀನಿ."

ಸೈರನ್ ಕೂಗಿತು. ಜನ ಒಳಗೆ ಬರತೊಡಗಿದರು. ಸೌಟಣ್ಣ ಒಂದು ದೊಡ್ಡ ತಟ್ಟೆ ತುಂಬ ಅನ್ನ ಹಾಕಿಕೊಂಡು, ಅದರ ಮೇಲೆ ಬೇಳೆ ಸುರಿದುಕೊಂಡು, ಕ್ಯಾಂಟೀನಿನ ನಟ್ಟನಡುವೆ ಕುರ್ಚಿ ಎಳೆದು ಕೂತ. ಹುಳಿತ ವಾಸನೆ ಬಾಗಿಲ ತನಕ ಹೊಡೆಯುತ್ತಿತ್ತು. ಅವನು ದೊಡ್ಡ ದೊಡ್ಡ ತುತ್ತು ಮಾಡಿ ತಿಂದ. ಕಣ್ಣು ಮುಚ್ಚಿದ, ತಲೆದೂಗಿದ. "ಇದಕ್ಕೇನಾಗಿದೆ? ಬಂಗಾರದಂಥ ಬೇಳೆ" ಎಂದ. ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಒಂದು ಮೇಜು. ಆಮೇಲೆ ಇಡೀ ಕ್ಯಾಂಟೀನು. ಹಿಂದಿನಿಂದ ಯಾವನೋ ಕೂಗಿದ, "ಎಲ್ಲಿ, ನಾಲಿಗೆ ತೋರ್ಸು."

ಸೌಟಣ್ಣ ತಲೆಯೆತ್ತಿದ. ನಗುತ್ತಿರುವ ಪ್ರತಿಯೊಬ್ಬನೂ ಮೂಗು ಮುಚ್ಚಿಕೊಂಡು ನಗುತ್ತಿದ್ದ. ಅಷ್ಟು ದಿನ ಮುಖ ಓದಿಯೇ ಬದುಕಿದ್ದವನಿಗೆ ಆ ಮುಖಗಳನ್ನು ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ವೆಲ್ಡರು ಹತ್ತಿರ ಬಂದು, "ಸಾಕು ಬಿಡು ಭಾವ" ಎಂದು ತಟ್ಟೆಗೆ ಕೈ ಹಾಕಿದ. ಸೌಟಣ್ಣ ಆ ಕೈಯನ್ನು ತಳ್ಳಿದ. ಎದ್ದರೆ ಒಪ್ಪಿಕೊಂಡಂತೆ. ಅವನು ಎದುರಿನ ಗೋಡೆ ನೋಡುತ್ತ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, ಬೆರಳು ನೆಕ್ಕಿ, ಇನ್ನೊಂದು ಸೌಟು ಹಾಕಿಸಿಕೊಂಡ. ನಗು ಒಂದು ಹಂತದಲ್ಲಿ ನಿಂತುಹೋಯಿತು, ಅವನು ನಿಲ್ಲಿಸಲಿಲ್ಲ.

ಮ್ಯಾನೇಜರು ಕೈಕಟ್ಟಿ ಎಲ್ಲವನ್ನೂ ನೋಡಿದ. ಹಂಡೆ ಚೆಲ್ಲಿಸಿದ. ಸಂಜೆ ಆಫೀಸಿಗೆ ಬಾ ಎಂದಷ್ಟೇ ಹೇಳಿ ಹೋದ.

ಮಧ್ಯಾಹ್ನವೆಲ್ಲ ಸೌಟಣ್ಣ ವಾಂತಿ ಮಾಡಿಕೊಂಡ. ಹೆಂಡತಿ ಬೆನ್ನು ನೀವುತ್ತ ಕೂತಿದ್ದಳು. "ನೀನೂ" ಎಂದು ಒಂದು ಸಲ ಅಂದ. ಸಂಜೆ ಅವನು ಅಂಗಿ ಬದಲಿಸಿ ಆಫೀಸಿಗೆ ಹೊರಟ ಮೇಲೆ ಅವಳು ಪಾತ್ರೆಗಳನ್ನೆಲ್ಲ ಹಳೆಯ ಸೀರೆಯಲ್ಲಿ ಗಂಟು ಕಟ್ಟಿದಳು. ಹೇಳಿಸಿಕೊಂಡು ಹೋಗುವುದಕ್ಕಿಂತ ತಾವೇ ಹೋಗುವುದು ಮೇಲು ಎಂದು ಅವಳಿಗೆ ತೋರಿತ್ತು.

ಮ್ಯಾನೇಜರು ಸೌಟಣ್ಣನನ್ನು ಕೂರಿಸಿದ. ಟೀ ತರಿಸಿಕೊಟ್ಟ.

"ಯಾವಾಗಿಂದ ಹೀಗೆ?"

"ಜ್ವರ ಬಂದಾಗಿಂದ."

"ಮೊದ್ಲೇ ಹೇಳೋದಲ್ವಾ" ಎಂದ ಮ್ಯಾನೇಜರು, ಬೇಸರಪಟ್ಟವನಂತೆ. "ನಾನೂ ಯೋಚನೆ ಮಾಡ್ತಾ ಇದ್ದೆ, ಈ ಮನುಷ್ಯ ಇತ್ತೀಚೆಗೆ ಒಂದು ಲಾರಿನೂ ವಾಪಸ್ ಕಳ್ಸಿಲ್ವಲ್ಲ ಅಂತ. ನಿನ್ನ ಮೂಗಿನ ಕಾಟದಲ್ಲಿ ಎಷ್ಟು ವರ್ಷ ಬೈಸ್ಕೊಂಡಿದೀನಿ ಗೊತ್ತಾ ಗುತ್ತಿಗೆದಾರರ ಹತ್ರ."

ಸೌಟಣ್ಣ ತಲೆ ತಗ್ಗಿಸಿದ. "ಕೋಣೆ ಖಾಲಿ ಮಾಡೋಕೆ ಸ್ವಲ್ಪ ದಿನ ಕೊಡಿ ಸಾಹೇಬ್ರೇ."

"ಯಾಕೆ ಖಾಲಿ ಮಾಡ್ಬೇಕು? ನಿನ್ನಂಥ ಅಡುಗೆಯವನು ನನಗೆ ಎಲ್ಲಿ ಸಿಗ್ತಾನೆ." ಮ್ಯಾನೇಜರು ನಕ್ಕ. "ಬಂದಿದ್ದನ್ನ ಇಳಿಸ್ಕೊ, ಇದ್ದಿದ್ದನ್ನ ಬೇಯಿಸು. ಒಂದೇ ಮಾತು, ಇನ್ಮೇಲೆ ಅಡುಗೆಮನೇಲಿ ಯಾರೂ ರುಚಿ ನೋಡೋ ಹಾಗಿಲ್ಲ. ದೂರು ಕೊಡೋರು ಕೊಡ್ಲಿ. ಎದುರಿಗೆ ಹೊಗಳೋದನ್ನ ನಾನೇ ಕಿವಿಯಾರೆ ಕೇಳಿದೀನಲ್ಲ. ಅವರ ದೂರಿಗೆ ಯಾರು ಬೆಲೆ ಕೊಡ್ತಾರೆ."

ಸೌಟಣ್ಣ ಟೀ ಪೂರ್ತಿ ಕುಡಿದು ಎದ್ದ.

ಕೋಣೆಗೆ ಬಂದಾಗ ಹೆಂಡತಿ ಗಂಟಿನ ಪಕ್ಕ ಕೂತಿದ್ದಳು. ಅವನು ಅಂಗಿ ಕಳಚಿ ಮೊಳೆಗೆ ಹಾಕಿದ.

"ಗಂಟು ಬಿಚ್ಚು" ಎಂದ. ನಡೆದದ್ದನ್ನು ಒಂದೂ ಬಿಡದೆ ಹೇಳಿದ.

ಕೋಣೆ ಉಳಿಯಿತು ಎಂದು ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ಅದಕ್ಕೆ ಬದಲಾಗಿ ಕೊಳೆತದ್ದನ್ನೂ ಬೇಯಿಸಬೇಕು ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾಳೆಯಿಂದ ನಾನು ಕೆಳಗೆ ಬರ್ತೀನಿ" ಎಂದಳು. "ಯಾರಿಗೂ ಕಾಣದ ಹಾಗೆ ಒಂದು ಚಮಚ ನೋಡಿ ಹೇಳ್ತೀನಿ. ಇನ್ನು ಸುಳ್ಳು ಹೇಳಲ್ಲ."

"ಬೇಡ."

"ಹಳಸಿದ್ದು ಕೊಳೆತದ್ದು ಹಾಗೇ ಬೇಯಿಸ್ತೀರಾ? ಜನ ತಿಂತಾರೆ ಅದನ್ನ."

"ತಿನ್ಲಿ. ಚೆನ್ನಾಗಿದೆ ಅಂತಾರೆ."

"ನನ್ನ ತಮ್ಮನೂ ಅಲ್ಲೇ ಊಟ ಮಾಡ್ತಾನೆ. ಕೊನೆಗೆ ನಿಜ ಹೇಳಿದ್ದು ಅವನೊಬ್ಬನೇ."

"ಮಾಡ್ಲಿ" ಎಂದ ಸೌಟಣ್ಣ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಕೋಣೆ ಕೈತಪ್ಪುತ್ತದೆ ಎಂದು ಅಷ್ಟು ದಿನ ಹೆದರಿದ್ದ ಅವಳಿಗೆ ಈಗ ಅದೇ ಕೋಣೆಯಲ್ಲಿ ಅವನ ಜೊತೆ ಇರುವುದಕ್ಕೆ ಹೆದರಿಕೆಯಾಯಿತು. ಆದರೂ ಸ್ವಲ್ಪ ಹೊತ್ತಿನ ಮೇಲೆ ಅವಳು ಸದ್ದಾಗದ ಹಾಗೆ ಗಂಟು ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಗೂಡಿನಲ್ಲಿ ಜೋಡಿಸಿದಳು.